ಕಲ್ಲಿನ ಅಕ್ಷರ, ಕನ್ನಡಿಯಿಲ್ಲದ ಕ್ಯಾಮೆರಾ

ಕಳೆದ ಕಾರ್ತೀಕದಲ್ಲಿ, ಎರಡು ವರ್ಷದ ಹಿಂದೆ ಕಂಡಿದ್ದ ಒಂದು ವೀರಗಲ್ಲನ್ನು ಮತ್ತೆ ನೋಡಲು ಹೋಗಿದ್ದೆ. ಸಂಡೂರು ಸೀಮೆಯ ಹಳ್ಳಿ. ಊರಿನ ಹೆಸರು ಇಲ್ಲಿ ಬೇಡ. ಹನುಮಪ್ಪನ ಗುಡಿಯ ಪಕ್ಕ, ಬೇವಿನ ಮರಕ್ಕೆ ಒರಗಿ ನಿಂತ ಕಲ್ಲು. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ನಡುವಿನ ಎರಡು ಪಟ್ಟಿಕೆಗಳಲ್ಲಿ ನಾಲ್ಕು ಸಾಲು ಬರಹ. ಈ ಸಲ ಹೋದಾಗ ಕಲ್ಲಿಗೆ ಪೇಂಟ್ ಬಿದ್ದಿತ್ತು. ವೀರನಿಗೆ ಕೆಂಪು, ಕುದುರೆಗೆ ಬಿಳಿ, ಹಿಂದಕ್ಕೆ ತಿಳಿನೀಲಿ. ಪಟ್ಟಿಕೆಗಳಿಗೆ ಹಳದಿ, ಎರಡು ಕೋಟ್. ಅಕ್ಷರದ ಗೆರೆಗಳೆಲ್ಲ ತುಂಬಿಹೋಗಿದ್ದವು.

ಗುಡಿಯ ಕಟ್ಟೆಯ ಮೇಲಿದ್ದ ಅಜ್ಜ, "ಚೆಂದ ಕಾಣ್ಲಿ ಅಂತ ಹಚ್ಚೀವಿ ತಾಯಿ. ಮೊದಲು ಯಾರೂ ತಿರುಗಿ ನೋಡ್ತಿರ್ಲಿಲ್ಲ" ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಎರಡು ವರ್ಷ ನಾನಾದರೂ ತಿರುಗಿ ನೋಡಿದ್ದೆನೇ?

ಮೊದಲ ಸಲ ಒಂದು ಮದುವೆಗೆ ಹೋಗುವ ದಾರಿಯಲ್ಲಿ ಅಲ್ಲಿ ಇಳಿದಿದ್ದೆವು. ಪಡಿಯಚ್ಚು ತೆಗೆಯಲು ಕಾಗದ, ಬ್ರಷ್, ಮಸಿ ಯಾವುದೂ ಜೊತೆಗಿರಲಿಲ್ಲ. ಮೊಬೈಲಿನಲ್ಲಿ ಏಳೆಂಟು ಫೋಟೊ ಹೊಡೆದುಕೊಂಡು ಬಂದಿದ್ದೆ. ಮಟಮಟ ಮಧ್ಯಾಹ್ನದ ಬೆಳಕು. ಸವೆದ ಅಕ್ಷರ ಓದಲು ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು, ಗೆರೆಯ ಒಂದು ಅಂಚಿನಲ್ಲಾದರೂ ನೆರಳು ನಿಲ್ಲಬೇಕು; ನೆತ್ತಿಯ ಮೇಲಿನ ಬಿಸಿಲಿಗೆ ಅದು ಆಗುವುದಿಲ್ಲ. ಇದರ ಮೇಲೆ ಮೊಬೈಲಿನ ಸಾಫ್ಟ್‌ವೇರ್ ಕಲ್ಲಿನ ಒರಟುತನವನ್ನು 'ಕೊಳೆ' ಎಂದು ತಿಳಿದು ನುಣ್ಣಗೆ ಒರೆಸಿಬಿಟ್ಟಿತ್ತು. ಕೊನೆಯ ಸಾಲಿನ ಏಳೆಂಟು ಅಕ್ಷರ ಕಲಸಿದ ಹಿಟ್ಟಿನಂತೆ ಕಾಣುತ್ತವೆ. ಕಲ್ಲು ನಿಲ್ಲಿಸಿದವರು ಯಾರು ಎನ್ನುವುದು ಸಾಮಾನ್ಯವಾಗಿ ಬರುವ ಜಾಗ ಅದು.

ಒಂದು ಕ್ಯಾಮೆರಾ ಕೊಳ್ಳಬೇಕು ಎಂದು ನಿರ್ಧರಿಸಿದ್ದು ಅಂದು ಸಂಜೆ, ಬಸ್ಸಿನಲ್ಲಿ. ಸಂಶೋಧನೆಗೆಂದೇ ಅಲ್ಲ. ನನಗೆ ಫೋಟೊ ತೆಗೆಯುವ ಹುಚ್ಚು ಮೊದಲಿಂದಲೂ ಇದೆ. ಬೀಸುಕಲ್ಲಿನ ಪದ ಹಾಡುವ ನಮ್ಮಜ್ಜಿಯ ವಿಡಿಯೊ ಮಾಡಬೇಕೆಂಬ ಆಸೆಯೂ ಇತ್ತು.

ಊರಲ್ಲಿ ಮದುವೆ ಫೋಟೊ ತೆಗೆಯುವ ಮಾಮ ಒಬ್ಬರಿದ್ದಾರೆ. ಅವರನ್ನು ಕೇಳಿದೆ. "ಕ್ಯಾಮೆರಾ ಅಂದ್ರ ಕೈಗೆ ತೂಕ ಸಿಗಬೇಕವ್ವ. ಸಣ್ಣದು ಹಿಡ್ಕೊಂಡು ಹೋದ್ರ ಯಾರು ಮರ್ಯಾದಿ ಕೊಡ್ತಾರ?" ಎಂದರು. ಅವರ ವೃತ್ತಿಗೆ ಅದು ನಿಜ. ಆದರೆ ಅದೇ ದೊಡ್ಡ ಕ್ಯಾಮೆರಾ, ಅದರ ಮೇಲೊಂದು ಲೈಟು ಕಂಡ ಕೂಡಲೇ ನಮ್ಮಜ್ಜಿ ಸೆರಗು ಹೊದ್ದು, ಬಾಯಿ ಬಿಗಿದು, ಸಾಲಮಂಜೂರಿಗೆ ಫೋಟೊ ತೆಗೆಸಿಕೊಳ್ಳುವವಳಂತೆ ಕುಳಿತದ್ದನ್ನು ನಾನು ಕಣ್ಣಾರೆ ನೋಡಿದ್ದೆ. ತೂಕ ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂದು ಹುಡುಕತೊಡಗಿದೆ. ಇತಿಹಾಸದ ವಿದ್ಯಾರ್ಥಿಗಳಿಗೆ ಇದೊಂದು ರೋಗ. ಬಕೆಟ್ ಕೊಳ್ಳುವಾಗಲೂ ಬಕೆಟ್ಟಿನ ಚರಿತ್ರೆ ಬೇಕು.

ನಮ್ಮ ಸೀಮೆಯಲ್ಲೇ ಶುರುಮಾಡಬಹುದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಫೋಟೊಗಳನ್ನು ತೆಗೆದ. ಮೇಣ ಹಚ್ಚಿದ ಕಾಗದವೇ ಅವನ ನೆಗೆಟಿವ್. ಆ ಕಾಲದಲ್ಲಿ ನೆಗೆಟಿವನ್ನು ಇನ್ನೊಂದು ಕಾಗದದ ಮೇಲೆ ಒತ್ತಿಟ್ಟು, ಬಿಸಿಲಿಗೆ ಹಿಡಿದು ಪ್ರಿಂಟ್ ಪಡೆಯುತ್ತಿದ್ದರು. ಹಿಗ್ಗಿಸುವ ಪದ್ಧತಿ ಇರಲಿಲ್ಲ. ಚಿತ್ರ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಅಷ್ಟೇ ದೊಡ್ಡದು, ಕ್ಯಾಮೆರಾ ಅದಕ್ಕಿಂತ ದೊಡ್ಡದು. ಗೋಡೆಗೆ ತೂಗುಹಾಕುವಷ್ಟು ದೊಡ್ಡ ಚಿತ್ರ ಬೇಕಿದ್ದರೆ ಪೆಟ್ಟಿಗೆಯಂಥ ಕ್ಯಾಮೆರಾವನ್ನು ಹೊತ್ತೇ ಹಂಪಿಯ ಬಂಡೆಗಳ ನಡುವೆ ತಿರುಗಬೇಕು.

ಆ ಪೆಟ್ಟಿಗೆ ನಮಗೆ ಉಳಿಸಿಕೊಟ್ಟದ್ದು ಸಣ್ಣದಲ್ಲ. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಎಲ್ಲರೂ ನೋಡಿದ್ದೇವೆ. 2017ರಿಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ದಿನವೂ ಕೈ ಬದಲಾಯಿಸುತ್ತಿದೆ. ಗ್ರೀನ್‌ಲಾನ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಈಗ ಅದಿಲ್ಲ. ನಾವು 'ಪೂರ್ತಿ ರಥ' ಎಂದುಕೊಂಡಿರುವುದು ತಲೆ ಕಳೆದುಕೊಂಡ ರಥ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನಗಳಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಡುವಿನ 127 ವರ್ಷಗಳಲ್ಲಿ ಏನೇನು ಹೋಯಿತು, ಏನೇನು ಹೊಸದಾಗಿ ಬಂತು ಎನ್ನುವುದು ಗೊತ್ತಾಗುತ್ತದೆ.

ಕ್ಯಾಮೆರಾ ಕಿರಿದಾದ ಕತೆಗೆ ಜರ್ಮನಿಗೆ ಹೋಗಬೇಕು. ವೆಟ್ಸ್‌ಲಾರ್ ಎಂಬ ಊರಿನ ಲೈಟ್ಸ್ ಕಂಪನಿ ಸೂಕ್ಷ್ಮದರ್ಶಕಗಳಿಗೆ ಹೆಸರಾಗಿತ್ತು. ಅಲ್ಲಿ ಕೆಲಸಕ್ಕಿದ್ದ ಆಸ್ಕರ್ ಬಾರ್ನಾಕ್‌ಗೆ ಫೋಟೊ ಹವ್ಯಾಸ, ಜೊತೆಗೆ ಉಬ್ಬಸ. ಗಾಜಿನ ಪ್ಲೇಟುಗಳ ಭಾರದ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಅವನಿಂದಾಗದು. ಸಿನಿಮಾಕ್ಕೆ ಬಳಸುವ 35 ಮಿಲಿಮೀಟರ್ ಫಿಲ್ಮನ್ನು ಅವನು ಅಡ್ಡಲಾಗಿ ಓಡಿಸಿದ, ಸಿನಿಮಾದ ಎರಡು ಚೌಕಟ್ಟಿನ ಜಾಗವನ್ನು ಒಂದು ಚಿತ್ರಕ್ಕೆ ಕೊಟ್ಟ: 24 ಗುಣಿಸು 36 ಮಿಲಿಮೀಟರ್. ಚಿಕ್ಕ ನೆಗೆಟಿವ್ ಮಾಡು, ಆಮೇಲೆ ಹಿಗ್ಗಿಸು. ಮೊದಲ ಮಾದರಿ ತಯಾರಾದದ್ದು ಮೊದಲ ಮಹಾಯುದ್ಧದ ಹೊಸ್ತಿಲಲ್ಲಿ. ಲೈಕಾ ಎಂಬ ಹೆಸರಿನಲ್ಲಿ ಜನರ ಮುಂದೆ ಬಂದದ್ದು 1925ರ ಲೈಪ್‌ಜಿಗ್ ಮೇಳದಲ್ಲಿ. ಇಂದು ಅಂಗಡಿಯವರು 'ಫುಲ್ ಫ್ರೇಮ್' ಎಂದು ಹೆಮ್ಮೆಯಿಂದ ತೋರಿಸುವ ಸೆನ್ಸರ್ ಇದೇ ಅಳತೆಯದು. ಹವ್ಯಾಸಿಯೊಬ್ಬ ಹೊರೆ ಇಳಿಸಿಕೊಳ್ಳಲು ಆರಿಸಿದ 'ಚಿಕ್ಕ' ಅಳತೆ ನೂರು ವರ್ಷದಲ್ಲಿ 'ದೊಡ್ಡದು' ಆಯಿತು.

ಲೈಕಾದಲ್ಲಿ ಕನ್ನಡಿ ಇರಲಿಲ್ಲ. ಪಕ್ಕದ ಕಿಂಡಿಯಿಂದ ನೋಡಿ ಚಿತ್ರ ತೆಗೆಯಬೇಕಿತ್ತು. ಲೆನ್ಸು ಏನನ್ನು ಕಾಣುತ್ತಿದೆ ಎನ್ನುವುದು ಅಂದಾಜಷ್ಟೇ. ಹತ್ತಿರದ ವಸ್ತುವಾದರೆ ತಲೆ ಕತ್ತರಿಸಿ ಹೋಗುತ್ತಿತ್ತು. ಲೆನ್ಸು ಕಂಡದ್ದನ್ನೇ ಕಣ್ಣೂ ಕಾಣಲಿ ಎಂದು ಒಳಗೆ 45 ಡಿಗ್ರಿಗೆ ಓರೆಯಾಗಿ ಕನ್ನಡಿ ಕೂರಿಸಿದರು. 1936ರ ಕೀನೆ ಎಕ್ಸಾಕ್ಟಾದಿಂದ 1959ರ ನಿಕಾನ್ ಎಫ್‌ವರೆಗೆ ಈ ಜಾತಿ ಬೆಳೆದು ನಿಂತಿತು. ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು ದಾರಿ ಬಿಡುತ್ತದೆ, ಚಿತ್ರವಾದ ಮೇಲೆ ಮತ್ತೆ ಕೂರುತ್ತದೆ. ಮಾಮನ ಕ್ಯಾಮೆರಾ 'ಕ್ಳಕ್' ಎನ್ನುವುದು ಅದಕ್ಕೇ. ಕನ್ನಡಿಗೆ ಏಳಲು ಜಾಗ ಬೇಕಲ್ಲ? ಲೆನ್ಸು ಕೂರುವ ಬಾಯಿಂದ ಫಿಲ್ಮಿಗೆ ನಿಕಾನ್ ಎಫ್‌ನಲ್ಲಿ 46.5 ಮಿಲಿಮೀಟರ್ ದೂರ. ಮಾಮ ಹೇಳುವ ತೂಕದಲ್ಲಿ ಒಂದು ಪಾಲು ಈ ಖಾಲಿ ಜಾಗದ್ದೂ ಹೌದು.

ಫಿಲ್ಮ್ ಹೋಗಿ ಸೆನ್ಸರ್ ಬಂದಾಗಲೇ ಕನ್ನಡಿಯ ಕೆಲಸ ಮುಗಿದಿತ್ತು. ಸೆನ್ಸರ್ ಕಂಡದ್ದನ್ನು ನೇರವಾಗಿ ಪರದೆಯ ಮೇಲೆ ತೋರಿಸಬಹುದು. ಆದರೂ ಕನ್ನಡಿ ಇನ್ನಷ್ಟು ವರ್ಷ ಉಳಿಯಿತು. ಅದರ ಕಾಲಡಿಯ ನೆಲ ಅಲುಗಿಸಿದ್ದು ವಿಡಿಯೊ. 2008ರಲ್ಲಿ ನಿಕಾನ್ ಡಿ90, ಕ್ಯಾನನ್ 5ಡಿ ಮಾರ್ಕ್ 2 ಕ್ಯಾಮೆರಾಗಳಿಗೆ ವಿಡಿಯೊ ಬಂತು. ವಿಡಿಯೊ ಹಿಡಿಯುವಷ್ಟು ಹೊತ್ತೂ ಕನ್ನಡಿ ಮೇಲೆದ್ದೇ ಇರಬೇಕು, ಅಂದರೆ ಕಿಂಡಿಯಲ್ಲಿ ಬರೀ ಕತ್ತಲು. ಅದೇ ವರ್ಷ ಒಲಿಂಪಸ್ ಮತ್ತು ಪ್ಯಾನಸಾನಿಕ್ ಸೇರಿ ಮೈಕ್ರೋ ಫೋರ್ ಥರ್ಡ್ಸ್ ಎಂಬ ಪದ್ಧತಿ ತಂದವು. ಕನ್ನಡಿ ತೆಗೆದುಹಾಕಿ ಆ ದೂರವನ್ನು ಸುಮಾರು 20 ಮಿಲಿಮೀಟರಿಗೆ ಇಳಿಸಿದವು. ಮೊದಲು ಬಂದ ಲುಮಿಕ್ಸ್ ಜಿ1ಗೆ ವಿಡಿಯೊ ಇರಲೇ ಇಲ್ಲ ಎನ್ನುವುದು ತಮಾಷೆ. ಅದು ಬಂದದ್ದು ಮರುವರ್ಷದ ಜಿಎಚ್1ಗೆ. 2010ರಲ್ಲಿ ಸೋನಿ ನೆಕ್ಸ್, 2013ರಲ್ಲಿ ಸೋನಿಯದೇ ಫುಲ್ ಫ್ರೇಮ್ ಎ7. 2018ರಲ್ಲಿ ನಿಕಾನ್, ಕ್ಯಾನನ್ ಕೂಡ ಫುಲ್ ಫ್ರೇಮಿನಲ್ಲಿ ಕನ್ನಡಿ ಇಳಿಸಿದವು. ಹೊಸ ವಸ್ತುವನ್ನು ಅದರಲ್ಲಿ ಇಲ್ಲದ್ದರಿಂದ ಕರೆಯುವುದು ಹಳೆಯ ಚಾಳಿ. ಮೋಟಾರು ಕಾರನ್ನೂ ಮೊದಮೊದಲು ಇಂಗ್ಲಿಷಿನವರು ಕುದುರೆಯಿಲ್ಲದ ಗಾಡಿ ಎನ್ನುತ್ತಿದ್ದರು.

ಇಷ್ಟು ಓದಿದ ಮೇಲೆ ಅಂಗಡಿಗೆ ಹೋದಾಗ ನಾನು ಕೇಳಿದ ಪ್ರಶ್ನೆಗಳು ಬದಲಾಗಿದ್ದವು. 'ಎಷ್ಟು ಮೆಗಾಪಿಕ್ಸೆಲ್' ಎನ್ನುವುದನ್ನು ಕೊನೆಗೆ ಬಿಟ್ಟೆ. ನಾಲ್ಕು ಸಾಲು ಶಾಸನಕ್ಕೆ 16 ಸಾಕು, ಬೆಳಕು ಸರಿಯಿದ್ದರೆ.

ಮೊದಲು ನೋಡಿದ್ದು ಮೌಂಟ್, ಅಂದರೆ ಲೆನ್ಸು ಕೂರುವ ಬಾಯಿ. ಕ್ಯಾಮೆರಾದ ಬಾಡಿ ಐದಾರು ವರ್ಷಕ್ಕೆ ಹಳತಾಗುತ್ತದೆ; ಲೆನ್ಸು ಮುಂದಿನ ಬಾಡಿಗೂ ಬರುತ್ತದೆ, ಮೌಂಟ್ ಬದುಕಿದ್ದರೆ. ಈ ಹದಿನೈದಿಪ್ಪತ್ತು ವರ್ಷದಲ್ಲಿ ಸತ್ತ ಮೌಂಟ್‌ಗಳು ಕಡಿಮೆಯಲ್ಲ. ಸ್ಯಾಮ್‌ಸಂಗ್ ಎನ್‌ಎಕ್ಸ್ ಹೋಯಿತು. 2011ರಲ್ಲಿ ಬಂದ ನಿಕಾನ್ 1 ಸರಣಿ 2018ಕ್ಕೆ ನಿಂತಿತು. 2012ರ ಕ್ಯಾನನ್ ಇಒಎಸ್ ಎಂ ಕೂಡ ಅದೇ ದಾರಿ ಹಿಡಿಯಿತು. ಸೆಕೆಂಡ್ ಹ್ಯಾಂಡಿನಲ್ಲಿ ಇವು ಅಗ್ಗಕ್ಕೆ ಸಿಗುತ್ತವೆ, ಚಿತ್ರವೂ ಚೆನ್ನಾಗಿ ಬರುತ್ತದೆ. ಇರುವ ಒಂದೆರಡು ಲೆನ್ಸಿನಲ್ಲೇ ತೃಪ್ತಿಪಡುವವರು ಧಾರಾಳವಾಗಿ ಕೊಳ್ಳಬಹುದು. ನನಗೆ ಧೈರ್ಯವಾಗಲಿಲ್ಲ.

ಆಮೇಲೆ ಸೆನ್ಸರ್. ಎಪಿಎಸ್-ಸಿ ಎಂಬ ಹೆಸರು 1996ರಲ್ಲಿ ಬಂದು ಬೇಗ ಕಣ್ಮರೆಯಾದ ಒಂದು ಫಿಲ್ಮ್ ಪದ್ಧತಿಯದು. ಫಿಲ್ಮ್ ಸತ್ತರೂ ಅಳತೆಯ ಹೆಸರು ಉಳಿದಿದೆ, ಹಾಳುಬಿದ್ದ ಊರಿನ ಹೆಸರು ಹೊಲಕ್ಕೆ ಉಳಿಯುವ ಹಾಗೆ. ಅದರ ಅಗಲ ಸುಮಾರು 23.5 ಮಿಲಿಮೀಟರ್, ಮೈಕ್ರೋ ಫೋರ್ ಥರ್ಡ್ಸ್‌ನದು 17.3. ಸೆನ್ಸರ್ ದೊಡ್ಡದಾದಷ್ಟೂ ಮಂದ ಬೆಳಕಿನಲ್ಲಿ ಚಿತ್ರ ಸ್ವಚ್ಛ. ಆದರೆ ಲೆನ್ಸೂ ದೊಡ್ಡದಾಗುತ್ತದೆ. ಅಂಗಡಿಯ ಗಾಜಿನ ಹಿಂದೆ ಪುಟ್ಟದಾಗಿ ಕಾಣುವ ಫುಲ್ ಫ್ರೇಮ್ ಬಾಡಿಗೆ ಒಂದು ಒಳ್ಳೆಯ ಜೂಮ್ ಲೆನ್ಸ್ ಸಿಕ್ಕಿಸಿ ನೋಡಿ. ಕನ್ನಡಿ ತೆಗೆದು ಉಳಿಸಿದ್ದೆಲ್ಲ ಲೆನ್ಸಿನಲ್ಲಿ ವಾಪಸು ಬಂದಿರುತ್ತದೆ.

ಮಂದ ಬೆಳಕು ನನಗೆ ಮುಖ್ಯ. ಗರ್ಭಗುಡಿಯ ಮುಂದಿನ ಅಂತರಾಳದಲ್ಲಿ ಹಗಲಲ್ಲೂ ಕತ್ತಲು. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಲು ಅನುಮತಿ ಬೇಕು. ಅಲ್ಲಿ ಕೆಲಸಕ್ಕೆ ಬರುವುದು ಬಾಡಿಯೊಳಗಿನ ಸ್ಟೆಬಿಲೈಸೇಶನ್: ಕೈ ನಡುಗಿದಾಗ ಸೆನ್ಸರೇ ಅದಕ್ಕೆದುರಾಗಿ ಸರಿದು ಚಿತ್ರ ಕಾಯುತ್ತದೆ. ಐದು ದಿಕ್ಕಿನ ಅಲುಗಾಟ ತಡೆಯುವ ಇಂಥ ಏರ್ಪಾಟು ಒಲಿಂಪಸ್ ಇ-ಎಂ5ನಲ್ಲಿ 2012ರಲ್ಲೇ ಬಂದಿತ್ತು. ಕಲ್ಲು ಓಡುವುದಿಲ್ಲ, ಶಟರ್ ಅರ್ಧ ಸೆಕೆಂಡ್ ತೆರೆದಿದ್ದರೂ ಚಿಂತೆಯಿಲ್ಲ. ಓಡುವ ಮಕ್ಕಳು, ಹಾರುವ ಹಕ್ಕಿ ನಿಮ್ಮ ವಸ್ತುವಾದರೆ ಈ ಲೆಕ್ಕ ತಲೆಕೆಳಗು. ಆಗ ಫೋಕಸ್ ಚುರುಕಾಗಿರುವ ಹೊಸ ಎಪಿಎಸ್-ಸಿ ಕ್ಯಾಮೆರಾವೇ ಸರಿ.

ವಿಡಿಯೊ ಬಗ್ಗೆ ಒಂದು ಸಂಗತಿ. ಎಷ್ಟೋ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವೇ ನಿಂತುಬಿಡುತ್ತವೆ. ಸಣ್ಣ ಬಾಡಿ ಬಿಸಿಯಾಗುವುದು ಒಂದು ಕಾರಣವಾದರೆ, ಇನ್ನೊಂದು ಸುಂಕದ್ದು. 30 ನಿಮಿಷ ಸತತವಾಗಿ ಹಿಡಿಯಬಲ್ಲ ಯಂತ್ರವನ್ನು ಐರೋಪ್ಯ ಒಕ್ಕೂಟದ ಸುಂಕದ ನಿಯಮ 'ವಿಡಿಯೊ ಕ್ಯಾಮೆರಾ' ಎಂದು ಎಣಿಸುತ್ತಿತ್ತು, ಅದಕ್ಕೆ ಬೇರೆ ತೆರಿಗೆ. ಯುರೋಪಿನ ಸುಂಕದ ಕಟ್ಟೆಯ ಭಯಕ್ಕೆ ನಮ್ಮಜ್ಜಿಯ ಪದ ನಡುವೆ ನಿಲ್ಲಬೇಕು! ಇದಕ್ಕಿಂತ ನಾನು ಹೆಚ್ಚು ನೋಡಿದ್ದು ಹೊರಗಿನ ಮೈಕ್ ಸಿಕ್ಕಿಸುವ ತೂತು ಇದೆಯೇ ಎಂದು. ಚಿತ್ರ ಸ್ವಲ್ಪ ಮಸುಕಾದರೂ ಹಾಡು ಹಾಡೇ. ದನಿ ಕೆಟ್ಟರೆ ಏನು ಉಳಿಯಿತು? 4ಕೆ ಬಿಟ್ಟುಕೊಟ್ಟೆ, ಮೈಕ್ ಬಿಡಲಿಲ್ಲ.

ಕೊನೆಗೆ ಕೊಂಡದ್ದು ಸೆಕೆಂಡ್ ಹ್ಯಾಂಡ್ ಒಲಿಂಪಸ್ ಇ-ಎಂ5 ಮಾರ್ಕ್ 2. 2015ರ ಮಾಡೆಲ್, ಅರ್ಧ ಕಿಲೋ ಒಳಗೆ. ಜೊತೆಗೆ 17 ಮಿಲಿಮೀಟರಿನ ಒಂದೇ ಲೆನ್ಸ್, ಅಂಗೈಯಲ್ಲಿ ಮುಚ್ಚಿಕೊಳ್ಳಬಹುದು. ಒಲಿಂಪಸ್ ತನ್ನ ಕ್ಯಾಮೆರಾ ವ್ಯಾಪಾರವನ್ನೇ 2021ರಲ್ಲಿ ಬೇರೆ ಕಂಪನಿಗೆ ಬಿಟ್ಟುಕೊಟ್ಟಿದೆ ಎಂದು ಗೆಳೆಯರು ಹೆದರಿಸಿದರು. ಮೌಂಟ್ ಎರಡು ಕಂಪನಿಗಳಲ್ಲಿ ಬದುಕಿದೆ ಎಂದು ಸಮಾಧಾನ ಹೇಳಿಕೊಂಡೆ. ಬ್ಯಾಟರಿ ಬೇಗ ಮುಗಿಯುತ್ತದೆ; ಕನ್ನಡಿಯಿಲ್ಲದಲ್ಲಿ ನೋಡುವುದಕ್ಕೂ ಕರೆಂಟು ಬೇಕಲ್ಲ. ಎರಡು ಹೆಚ್ಚುವರಿ ಬ್ಯಾಟರಿ ಇಟ್ಟುಕೊಂಡಿದ್ದೇನೆ.

ಅಜ್ಜಿ ಹಾಡಿದಳು. ಕ್ಯಾಮೆರಾ ಅಕ್ಕಿ ಡಬ್ಬಿಯ ಮೇಲಿತ್ತು, ಅವಳು ಎರಡನೆಯ ಪದಕ್ಕೆ ಬರುವಷ್ಟರಲ್ಲಿ ಅದನ್ನು ಮರೆತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಆ ಹಳ್ಳಿಗೆ ಮೂರನೆಯ ಸಲ ಹೋದೆ. ಹಳದಿಯಡಿಯ ಗೆರೆ ಓರೆ ಬೆಳಕಿಗಾದರೂ ಕಂಡೀತೇ ಎಂಬ ಆಸೆ. ಸಂಜೆ ಐದರವರೆಗೆ ಕಾದೆ. ಮೂರು ಅಕ್ಷರ ಎದ್ದವು, ಉಳಿದವು ಏಳಲಿಲ್ಲ. ಅದೇ ಅಜ್ಜ ಬಂದು ನನ್ನ ಕೈ ನೋಡಿದ. "ಇದೇನು ಆಟದ ಸಾಮಾನಾ?" ಎಂದ. ಪರದೆಯಲ್ಲಿ ಅಕ್ಷರ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇಂಥಾದ್ದೇ ಇನ್ನೊಂದು ಕಲ್ಲು ಐತಿ. ನಮ್ಮ ಹಿತ್ತಲದಾಗ, ಸೊಸಿ ಬಟ್ಟಿ ಒಗೀತಾಳ" ಎಂದ.

ಹಿತ್ತಲಲ್ಲಿ ಕಲ್ಲು ಅಂಗಾತ ಮಲಗಿತ್ತು, ಮೇಲೆ ಸೋಪಿನ ನೊರೆ. ಆ ಹೆಣ್ಣುಮಗಳು ಒಂದು ಕೊಡ ನೀರು ಸುರಿದು ತೊಳೆದಳು. ಬಿಸಿಲು ಗೋಡೆ ದಾಟಲು ಇನ್ನು ಹತ್ತು ನಿಮಿಷವಿತ್ತು. ನಾನು ಮಂಡಿಯೂರಿ ಕುಳಿತೆ.