ಸಿಗರೇಟು ಪ್ಯಾಕಿನೊಳಗಿನ ವ್ಯಾಗ್ನರ್

1909ರ ಅಮೆರಿಕದಲ್ಲಿ ಸಿಗರೇಟು ಪ್ಯಾಕು ಬಿಚ್ಚಿದರೆ ಪುಟ್ಟದೊಂದು ಬಣ್ಣದ ಕಾರ್ಡು ಕೈಗೆ ಬರುತ್ತಿತ್ತು. ಒಂದೂವರೆ ಇಂಚೂ ಇಲ್ಲದ ಅಗಲ; ಮುಂದೆ ಬೇಸ್‌ಬಾಲ್ ಆಟಗಾರನ ಚಿತ್ರ, ಹಿಂದೆ ಸಿಗರೇಟಿನ ಜಾಹೀರಾತು. ಪ್ಯಾಕು ಜಜ್ಜಿಹೋಗದಿರಲಿ ಎಂದು ಇಡುತ್ತಿದ್ದ ರಟ್ಟಿನ ಮೇಲೇ ಚಿತ್ರ ಅಚ್ಚುಹಾಕಿ ಗಿರಾಕಿಯನ್ನು ಕಟ್ಟಿಹಾಕುವ ಚಾಲಾಕಿತನ ಆ ಹೊತ್ತಿಗೆ ಹಳೆಯದಾಗಿತ್ತು. ಅಮೆರಿಕನ್ ಟೊಬ್ಯಾಕೊ ಕಂಪನಿ 1911ರವರೆಗೆ ಇಂಥ ಐನೂರಕ್ಕೂ ಹೆಚ್ಚು ಬಗೆಯ ಕಾರ್ಡುಗಳನ್ನು ಹಂಚಿತು. ಸಂಗ್ರಾಹಕ ಜೆಫರ್ಸನ್ ಬರ್ಡಿಕ್ ತನ್ನ ಕ್ಯಾಟಲಾಗಿನಲ್ಲಿ ಕೊಟ್ಟ ‘ಟಿ206’ ಎಂಬ ಸಂಖ್ಯೆಯೇ ಈಗ ಆ ಸರಣಿಯ ಹೆಸರು.

ಅವುಗಳಲ್ಲಿ ಒಂದು ಕಾರ್ಡು ಮಾತ್ರ ಹೆಚ್ಚು ಜನರ ಕೈಸೇರಲಿಲ್ಲ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಹೋನಸ್ ವ್ಯಾಗ್ನರ್ ಚಿತ್ರವಿದ್ದ ಆ ಕಾರ್ಡಿನ ಮುದ್ರಣ ಶುರುವಾದಷ್ಟೇ ಬೇಗ ನಿಂತುಹೋಯಿತು.

ಯಾಕೆ? 1912ರಲ್ಲಿ ‘ದಿ ಸ್ಪೋರ್ಟಿಂಗ್ ನ್ಯೂಸ್’ ಬರೆದ ಪ್ರಕಾರ, ವ್ಯಾಗ್ನರ್‌ನ ಒಪ್ಪಿಗೆ ತಂದುಕೊಟ್ಟರೆ ಹತ್ತು ಡಾಲರ್ ಕೊಡುವುದಾಗಿ ಕಂಪನಿ ಜಾನ್ ಗ್ರೂಬರ್ ಎಂಬ ಕ್ರೀಡಾ ವರದಿಗಾರನಿಗೆ ಹೇಳಿತ್ತು. ವ್ಯಾಗ್ನರ್ ಒಪ್ಪಲಿಲ್ಲ. ಆದರೆ ಗ್ರೂಬರ್‌ಗೆ ನಷ್ಟವಾಗಬಾರದೆಂದು ಹತ್ತು ಡಾಲರಿನ ಚೆಕ್ಕನ್ನು ತಾನೇ ಕಳಿಸಿದ. ಸಿಗರೇಟಿನ ಆಸೆಗೆ ಮಕ್ಕಳು ಬೀಳುವುದು ಬೇಡವಾಗಿತ್ತು ಎನ್ನುವವರಿದ್ದಾರೆ. ಕೊಡುವ ದುಡ್ಡು ಸಾಲದಾಯಿತು ಎನ್ನುವವರೂ ಇದ್ದಾರೆ. ಮೊದಲನೆಯದನ್ನು ನಂಬಲು ಮನಸ್ಸು ಬಯಸುತ್ತದೆ, ಸರಿ. ಆದರೆ ವ್ಯಾಗ್ನರ್ ಸ್ವತಃ ತಂಬಾಕು ಜಗಿಯುತ್ತಿದ್ದ, ಅವನ ಚಿತ್ರ ಚುಟ್ಟದ ಪೆಟ್ಟಿಗೆಯ ಮೇಲೂ ಬಂದಿತ್ತು. ಅತ್ತ, ದುಡ್ಡಿಗಾಗಿ ಮುನಿದವನು ಕೈಯಿಂದ ಹತ್ತು ಡಾಲರ್ ಕಳೆದುಕೊಳ್ಳುತ್ತಾನೆಯೇ?

ಇಂದು ಲೆಕ್ಕಕ್ಕೆ ಸಿಕ್ಕಿರುವ ಪ್ರತಿಗಳು ಸುಮಾರು ಅರವತ್ತು. ಅವುಗಳಲ್ಲಿ ಅತಿ ಪ್ರಸಿದ್ಧವಾದದ್ದನ್ನು 1985ರಲ್ಲಿ ಬಿಲ್ ಮ್ಯಾಸ್ಟ್ರೊ ಎಂಬ ವ್ಯಾಪಾರಿ 25,000 ಡಾಲರಿಗೆ ಕೊಂಡ. 1991ರಲ್ಲಿ ಐಸ್ ಹಾಕಿ ತಾರೆ ವೇಯ್ನ್ ಗ್ರೆಟ್ಸ್‌ಕಿ ಪಾಲುದಾರನೊಬ್ಬನ ಜತೆ ಸೇರಿ 4,51,000 ಡಾಲರ್ ತೆತ್ತು ಅದನ್ನು ಪಡೆದ. ದರ್ಜೆ ಕೊಡುವ ಪರೀಕ್ಷಕರು ಹತ್ತಕ್ಕೆ ಎಂಟು ಅಂಕ ಕೊಟ್ಟರು. ಎಂಬತ್ತು ವರ್ಷ ಹಳೆಯ ರಟ್ಟಿನ ಅಂಚು ಅಷ್ಟು ನೇರ, ಮೂಲೆ ಅಷ್ಟು ಚೂಪು ಹೇಗೆಂದು ಸಂಗ್ರಾಹಕರಲ್ಲಿ ಗುಸುಗುಸು ಮಾತ್ರ ನಿಲ್ಲಲಿಲ್ಲ. 2013ರಲ್ಲಿ, ಹರಾಜಿನ ವಂಚನೆಯೊಂದರ ಮೊಕದ್ದಮೆಯಲ್ಲಿ ಮ್ಯಾಸ್ಟ್ರೊ ಬಾಯಿಬಿಟ್ಟ: ಬದಿಯ ಅಂಚನ್ನು ಕತ್ತರಿಸಿದ್ದು ತಾನೇ. 2015ರಲ್ಲಿ ಅವನಿಗೆ 20 ತಿಂಗಳ ಸೆರೆವಾಸವಾಯಿತು.

ಅಷ್ಟರಲ್ಲಿ, 2007ರಲ್ಲೇ, ಆ ಕಾರ್ಡು 28 ಲಕ್ಷ ಡಾಲರಿಗೆ ಬೇಸ್‌ಬಾಲ್ ತಂಡವೊಂದರ ಮಾಲೀಕ ಕೆನ್ ಕೆಂಡ್ರಿಕ್ ಕೈಸೇರಿತ್ತು. 2022ರಲ್ಲಿ ಇನ್ನೊಂದು ವ್ಯಾಗ್ನರ್ ಮಾರಾಟಕ್ಕೆ ಬಂತು. ಪರೀಕ್ಷಕರು ಕೊಟ್ಟದ್ದು ಹತ್ತಕ್ಕೆ ಎರಡೇ ಅಂಕ; ಕೊಂಡವರು ಕೊಟ್ಟದ್ದು 72.5 ಲಕ್ಷ ಡಾಲರ್.