ಹಳಸಿದ ಇಂಧನ (ಔಟ್‌ಬೋರ್ಡ್ ಎಂಜಿನ್)

ಬಳಸದೆ ಇಟ್ಟ ದೋಣಿಯ ಔಟ್‌ಬೋರ್ಡ್ ಎಂಜಿನ್ನಿನಲ್ಲಿ ತಿಂಗಳುಗಟ್ಟಲೆ ಉಳಿದು ಕೆಟ್ಟ ಪೆಟ್ರೋಲ್. ಬೇಗ ಆವಿಯಾಗುವ ಅಂಶಗಳು ಹಾರಿಹೋಗುವುದರಿಂದ ಎಂಜಿನ್ ಸುಲಭವಾಗಿ ಶುರುವಾಗದು. ಉಳಿದದ್ದು ಆಮ್ಲಜನಕದೊಡನೆ ವರ್ತಿಸಿ ಅಂಟಾಗಿ, ಕಾರ್ಬ್ಯುರೇಟರಿನ ಸಣ್ಣ ಜೆಟ್ ರಂಧ್ರಗಳನ್ನು ಮುಚ್ಚುತ್ತದೆ. ಎಥೆನಾಲ್ ಬೆರೆತಿದ್ದರೆ ಗಾಳಿಯ ತೇವವನ್ನೂ ಹೀರುತ್ತದೆ. ನೀರು ಮಿತಿಮೀರಿದಾಗ ಎಥೆನಾಲ್ ಸಮೇತ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಇಂಥ ಕೆಟ್ಟ ಇಂಧನಕ್ಕೆ ಹೊಸ ಪೆಟ್ರೋಲ್ ಬೆರೆಸಿ ಓಡಿಸುವುದು ತಪ್ಪು. ಇಂಧನ ಕೆಡದಂತೆ ಬೆರೆಸುವ ಸ್ಟೆಬಿಲೈಸರ್ ತಾಜಾ ಇಂಧನವನ್ನು ಕಾಯುತ್ತದೆಯೇ ಹೊರತು ಕೆಟ್ಟದ್ದನ್ನು ಸರಿಪಡಿಸದು. ಟ್ಯಾಂಕ್, ಪೈಪು, ಕಾರ್ಬ್ಯುರೇಟರ್ ಬೌಲ್ ಬರಿದುಮಾಡಿ, ಜೆಟ್ ಶುಚಿಗೊಳಿಸಿ, ಫಿಲ್ಟರ್ ಬದಲಿಸಬೇಕು. ತೆಗೆದ ಇಂಧನವನ್ನು ಹೊಳೆಗೋ ಕಡಲಿಗೋ ಚೆಲ್ಲಲೇಬಾರದು. ಕರಾವಳಿಯ ನಾಡದೋಣಿಗಳಲ್ಲಿ ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್‌ಗಳೂ ಇವೆ. ಅವುಗಳಲ್ಲಿ ಎರಡನ್ನೂ ಖಾಲಿಮಾಡಬೇಕು. ದೋಣಿಯನ್ನು ದಡಕ್ಕೆ ಎಳೆಯುವ ಮುನ್ನ, ಇಂಧನದ ಪೈಪು ಕಳಚಿ, ತಂಪಾಗಿಸುವ ನೀರು ಹರಿಯುತ್ತಿರುವಾಗಲೇ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಕಾರ್ಬ್ಯುರೇಟರ್ ಕಟ್ಟಿಕೊಳ್ಳುವ ತೊಂದರೆ ಬಹುಪಾಲು ತಪ್ಪುತ್ತದೆ.