ಚಾರಣಕ್ಕೂ ಮೊದಲು ನಡೆದವರು

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ತುದಿಗೆ ಹೋಗುವ ಕಾಲುದಾರಿಗೆ ಈಗಿನ ಹುಡುಗರು ಇಟ್ಟ ಹೆಸರು 'ಕೆಪಿ ಟ್ರೆಕ್'. ಕುಕ್ಕೆ ಇರುವುದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಬೆಟ್ಟದ ತುದಿ ಇರುವುದು 1,712 ಮೀಟರ್ ಎತ್ತರದಲ್ಲಿ. ನಡುವೆ ಕಾಡು, ಗಿರಿಗದ್ದೆ, ಕಲ್ಲುಮಂಟಪ, ಶೇಷಪರ್ವತ. ಮೊದಲೆಲ್ಲ ಎರಡು ದಿನದಲ್ಲಿ ಹತ್ತಿ ಇಳಿಯುವವರೇ ಹೆಚ್ಚಿದ್ದರು. ಹೆಂಡತಿ ಮಕ್ಕಳೊಂದಿಗೆ ಗಿರಿಗದ್ದೆಯವರೆಗೆ ಹೋಗಿ, ಊಟ ಮಾಡಿ, ಫೋಟೊ ತೆಗೆದು ವಾಪಸಾಗುವ ಕುಟುಂಬಗಳೂ ಉಂಟು.

'ಟ್ರೆಕ್' ಎಂಬ ಶಬ್ದ ನಮ್ಮಲ್ಲಿಗೆ ಬಂದದ್ದು ಇಂಗ್ಲಿಷಿನ ಮೂಲಕ. ಇಂಗ್ಲಿಷಿಗೆ ಅದು ಬಂದದ್ದು ದಕ್ಷಿಣ ಆಫ್ರಿಕದ ಡಚ್ ವಲಸಿಗರಿಂದ. ಅವರ ಮಾತಿನಲ್ಲಿ ಅದಕ್ಕೆ ಎಳೆಯುವುದು, ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಊರು ಬಿಟ್ಟು ಹೋಗುವುದು ಎಂಬ ಅರ್ಥ. ಬ್ರಿಟಿಷರ ಆಳ್ವಿಕೆ ಒಲ್ಲದೆ 1830ರ ದಶಕದಲ್ಲಿ ಅವರು ಕೇಪ್ ಪ್ರಾಂತ್ಯ ಬಿಟ್ಟು ಒಳನಾಡಿಗೆ ನಡೆದದ್ದನ್ನು ಚರಿತ್ರೆಯ ಪುಸ್ತಕಗಳು 'ಗ್ರೇಟ್ ಟ್ರೆಕ್' ಎಂದು ಕರೆಯುತ್ತವೆ. ಅದೇ ದಶಕದಲ್ಲಿ, 1837ರಲ್ಲಿ, ಸುಳ್ಯದ ರೈತರು ಬ್ರಿಟಿಷರ ವಿರುದ್ಧ ಮಂಗಳೂರಿನವರೆಗೆ ನಡೆದರು. ಎರಡು ಕಡೆಯವರ ಉದ್ದೇಶಗಳೂ ಬೇರೆ, ನ್ಯಾಯಗಳೂ ಬೇರೆ. ಆದರೆ ಇಬ್ಬರೂ ಮೋಜಿಗಾಗಿ ಹೊರಟವರಲ್ಲ. 'ಚಾರಣ' ಎಂಬ ಶಬ್ದದ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಸಂಸ್ಕೃತದಲ್ಲಿ ಚಾರಣ ಎಂದರೆ ಊರೂರು ತಿರುಗಿ ಹಾಡಿ ಹೊಗಳುವವನು. ಸುಮ್ಮನೆ ಸಂತೋಷಕ್ಕೆ ಬೆಟ್ಟ ಹತ್ತುವ ಕೆಲಸಕ್ಕೆ ನಾವು ಎರಡು ಶಬ್ದಗಳನ್ನೂ ಬೇರೆ ಕಡೆಯಿಂದ ತಂದು ಹೊಸ ಅರ್ಥ ಕೊಟ್ಟೆವು. ನಮ್ಮಲ್ಲಿ ಮೊದಲಿಗೆ ಇದ್ದದ್ದು ಘಟ್ಟ ಹತ್ತುವುದು, ಘಟ್ಟ ಇಳಿಯುವುದು, ಹರಕೆಗೆ ನಡೆಯುವುದು ಇಂಥ ಮಾತುಗಳು. ಪ್ರತಿಯೊಂದರ ಹಿಂದೆಯೂ ಒಂದು ಕಾರಣ ಇತ್ತು.

ಈ ಪ್ರಬಂಧ ಆ ಕಾರಣಗಳ ಬಗ್ಗೆ. ಪುತ್ತೂರು, ಸುಳ್ಯ, ಕಡಬದ ಕಾಲುದಾರಿಗಳು ನಿಸರ್ಗ ತಾನಾಗಿ ಬಿಡಿಸಿದ ಗೆರೆಗಳಲ್ಲ. ನಡೆಯದೆ ಬೇರೆ ಗತಿ ಇಲ್ಲದವರ ಕಾಲು ಸವೆಸಿದ ಗೆರೆಗಳು. ನಡೆಯುವ ಅನಿವಾರ್ಯತೆ ಮುಗಿದ ಮೇಲೆ ಅದೇ ದಾರಿ ನಮಗೆ ವಿಹಾರವಾಯಿತು.

ಮೊದಲು ನೆಲದ ವಿಷಯ. ಮೂರೂ ತಾಲೂಕುಗಳು ಒಂದು ಕಾಲದಲ್ಲಿ ಉಪ್ಪಿನಂಗಡಿ ತಾಲೂಕಿನ ಒಳಗಿದ್ದವು. ಕಚೇರಿ ಮಾತ್ರ ಪುತ್ತೂರಿನಲ್ಲಿತ್ತು. ಪಶ್ಚಿಮದಿಂದ ಬರುವವನಿಗೆ ಪುತ್ತೂರಿನ ಸುತ್ತ ಮೊದಲು ಸಿಗುವುದು ಕೆಂಪು ನೆಲ. ಇಲ್ಲಿನ ಗುಡ್ಡಗಳ ನೆತ್ತಿಯಲ್ಲಿ ಮುರಕಲ್ಲು ಚಪ್ಪಟೆಯಾಗಿ ಹಾಸಿಕೊಂಡಿರುತ್ತದೆ. ತುಳುವಿನಲ್ಲಿ ಅದು ಪದವು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆ ಇದು. ಆದರೂ ಮಾರ್ಚ್ ತಿಂಗಳ ಮಧ್ಯಾಹ್ನ ಪದವಿನ ಮೇಲೆ ನಿಂತರೆ ಮರುಭೂಮಿಯ ನೆನಪಾಗುತ್ತದೆ. ನೆರಳಿಲ್ಲ, ನೀರಿಲ್ಲ, ಕಾದ ಕಲ್ಲು, ಒಣಗಿದ ಮುಳಿಹುಲ್ಲು. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಟಿಪ್ಪುವಿನ ಪತನದ ನಂತರ ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿ ಬರೆದ ಗ್ರಂಥ 1807ರಲ್ಲಿ ಪ್ರಕಟವಾಯಿತು. ಈ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟವನು ಅವನೇ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದ ಅದು ಬಂತು. ಕೇರಳದ ಅಂಗಾಡಿಪುರದಲ್ಲಿ ಜನ ಇದನ್ನು ಕಡಿದು ಮನೆ ಕಟ್ಟುವುದನ್ನು ಕಂಡು ಅವನಿಗೆ ಆ ಹೆಸರು ಹೊಳೆಯಿತು. ನೆಲದಲ್ಲಿರುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ನಮ್ಮ ಮನೆಗಳ ಗೋಡೆಯೂ ತೋಟದ ಕಟ್ಟಪುಣಿಯೂ ಇದರದ್ದೇ.

ಪುತ್ತೂರು ದಾಟಿ ಪೂರ್ವಕ್ಕೆ ಹೋದಂತೆ ಕೆಂಪು ಕಡಿಮೆಯಾಗಿ, ಸುಳ್ಯ, ಕಡಬದ ಆಚೆ ಘಟ್ಟದ ಕಪ್ಪು ಬಂಡೆ ಏಳುತ್ತದೆ. ಕುಮಾರ ಪರ್ವತದಲ್ಲಿ ಹುಟ್ಟುವ ಕುಮಾರಧಾರೆ ಈ ಎರಡು ನೆಲಗಳನ್ನು ಹೊಲಿಯುತ್ತಾ ಬಂದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಹಳೆಯ ವ್ಯಾಪಾರವೂ ಇದೇ ಎರಡು ನೆಲಗಳ ನಡುವಿನದು. ಕರಾವಳಿಯ ಉಪ್ಪು, ಒಣಮೀನು, ತೆಂಗು ಘಟ್ಟ ಹತ್ತುತ್ತಿದ್ದವು. ಮೇಲಿನ ಧಾನ್ಯ, ಜಾನುವಾರು ಇಳಿಯುತ್ತಿದ್ದವು. ಗಾಡಿ ರಸ್ತೆ ಆಗುವ ಮೊದಲು ಈ ಕೆಲಸವೆಲ್ಲ ಹೇರೆತ್ತುಗಳದ್ದು ಮತ್ತು ತಲೆಹೊರೆಯವರದ್ದು. ಸುಬ್ರಹ್ಮಣ್ಯದ ಪಕ್ಕದ ಕುಲ್ಕುಂದದಲ್ಲಿ ಷಷ್ಠಿಯ ಸಮಯಕ್ಕೆ ನಡೆಯುತ್ತಿದ್ದ ಜಾನುವಾರು ಜಾತ್ರೆಗೆ ಘಟ್ಟದ ಮೇಲಿನ ಎತ್ತುಗಳು ಬರುತ್ತಿದ್ದವು. ಗದ್ದೆ ಉಳುವವನಿಗೆ ಎತ್ತು, ದೇವರಿಗೆ ಹರಕೆ, ನೆಂಟರ ಭೇಟಿ ಎಲ್ಲವೂ ಒಂದೇ ನಡಿಗೆಯಲ್ಲಿ ಮುಗಿಯುತ್ತಿತ್ತು.

ನಡಿಗೆಗೆ ರಾಜಕೀಯದ ಭಾರವೂ ಇತ್ತು. ಅಮರ ಸುಳ್ಯ, ಪುತ್ತೂರು ಮಾಗಣೆಗಳು ಕೊಡಗಿನ ರಾಜರ ಆಡಳಿತದಲ್ಲಿದ್ದವು. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಘಟ್ಟದ ಕೆಳಗಿನ ಈ ಮಾಗಣೆಗಳನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡಬಹುದಿತ್ತು. ಕಂಪೆನಿಗೆ ನಗದು ಬೇಕಾಯಿತು. ಕಾಗದದ ಮೇಲೆ ಇದು ಸಣ್ಣ ಬದಲಾವಣೆ. ಆದರೆ ಸಂತೆಯಿಂದ ಒಂದು ದಿನದ ದಾರಿಯಷ್ಟು ದೂರದಲ್ಲಿ, ಹೊಳೆಗಳ ಆಚೆ ಇರುವ ಒಕ್ಕಲಿಗನ ಕಡೆಯಿಂದ ನೋಡಿ: ಭತ್ತವನ್ನು ಹೊತ್ತು ಇಳಿಯಬೇಕು, ವ್ಯಾಪಾರಿ ಹೇಳಿದ ದರಕ್ಕೆ ಮಾರಬೇಕು, ಬಂದ ಹಣವನ್ನು ಹಿಡಿದು ಕಚೇರಿಗೆ ನಡೆಯಬೇಕು. ತೆರಿಗೆಯ ಭಾರ ಹೆಗಲಿಗೂ ಕಾಲಿಗೂ ಬಿತ್ತು.

1837ರ ಮಾರ್ಚ್ 30ರಂದು ಸುಳ್ಯದ ಪೂಮಲೆಯಿಂದ ದಂಗೆ ಹೊರಟಿತು. ಕೆದಂಬಾಡಿ ರಾಮಯ್ಯ ಗೌಡರು ಮುಖ್ಯ ಸಂಘಟಕರು. ಕೊಡಗಿನ ರಾಜಮನೆತನದ ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಪುಟ್ಟಬಸಪ್ಪ ಮುಂದಾಳಾದ. ಬೆಳ್ಳಾರೆಯ ಖಜಾನೆ ಅವರ ವಶವಾಯಿತು. ಅಲ್ಲಿಂದ ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ಮಂಗಳೂರು ತಲುಪಿ ಬಾವುಟಗುಡ್ಡೆಯಲ್ಲಿ ಧ್ವಜ ಏರಿಸಿದರು. ಇವತ್ತಿನ ರಸ್ತೆಯಲ್ಲಿ ಸುಳ್ಯದಿಂದ ಮಂಗಳೂರಿಗೆ ಎಂಬತ್ತಕ್ಕೂ ಹೆಚ್ಚು ಕಿಲೋಮೀಟರ್. ಬಿರು ಬೇಸಿಗೆ, ಪದವುಗಳ ಮೇಲೆ ಕಲ್ಲು ಕಾಯುವ ಕಾಲ. ಒಂದು ವಾರದೊಳಗೆ ಅವರು ಅಷ್ಟು ದೂರ ನಡೆದರು, ದಾರಿಯುದ್ದಕ್ಕೂ ಜನ ಸೇರಿಕೊಂಡರು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ಕಣ್ಣೂರು, ತಲಶ್ಶೇರಿಯ ಕಡೆಯಿಂದ ಸಮುದ್ರದ ಮೇಲೆ ಬಂದ ಕಂಪೆನಿ ಸೈನ್ಯ ದಂಗೆಯನ್ನು ಮುರಿಯಿತು. ಮುಂದಾಳುಗಳಲ್ಲಿ ಕೆಲವರಿಗೆ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲು. ಗುಡ್ಡೆಮನೆ ಅಪ್ಪಯ್ಯ ಗೌಡರಿಗೆ ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲು.

ಗೆದ್ದವರ ಕಾಗದಪತ್ರಗಳಲ್ಲಿ ಇದು ಬರೀ ಗಲಭೆ. ಊರಿನ ಬಾಯಲ್ಲೂ ಬಹುಕಾಲ ಉಳಿದದ್ದು 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಹೆಸರು. ಅದರಲ್ಲಿ ಲೂಟಿ, ಉಪದ್ರವ ಎಂಬ ಧ್ವನಿ ಉಂಟು. ಕುಲ್ಕುಂದದಲ್ಲಿ 1924ರಲ್ಲಿ ಹುಟ್ಟಿದ ನಿರಂಜನರು ಇದೇ ವಸ್ತುವಿನ ಮೇಲೆ 'ಕಲ್ಯಾಣಸ್ವಾಮಿ' ಕಾದಂಬರಿ ಬರೆದರು. ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತದ್ದು 2022ರ ನವೆಂಬರಿನಲ್ಲಿ. ದಂಗೆ ಮುಟ್ಟಿದ ಜಾಗಕ್ಕೆ ಪ್ರತಿಮೆ ಬಂತು. ದಂಗೆ ನಡೆದು ಹೋದ ದಾರಿಗೆ ಏನೂ ಬರಲಿಲ್ಲ.

ದಂಗೆಯ ಕಾಲದಿಂದ ನೂರು ವರ್ಷ ಮುಂದೆ ಬಂದರೆ, ಕಾಲುದಾರಿ ಸಾಹಿತ್ಯದೊಳಗೆ ಸಿಗುತ್ತದೆ. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬದುಕಿದ ಶಿವರಾಮ ಕಾರಂತರ 'ಬೆಟ್ಟದ ಜೀವ' 1943ರದ್ದು. ಸುಬ್ರಹ್ಮಣ್ಯದಿಂದ ಪಂಜದ ಕಡೆಗೆ ಹೊರಟ ನಿರೂಪಕ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ದೇರಣ್ಣ, ಬಟ್ಯ ಎಂಬ ಇಬ್ಬರು ಅವನನ್ನು ಗೋಪಾಲಯ್ಯನ ಮನೆಗೆ ಮುಟ್ಟಿಸುತ್ತಾರೆ. ನಾವು ಇದನ್ನು ಪ್ರಕೃತಿಯ ಕಾದಂಬರಿ ಎಂದು ಓದುತ್ತೇವೆ. ನಡಿಗೆಯ ಚರಿತ್ರೆಗೂ ಇದು ಒಳ್ಳೆಯ ಆಕರ. ಕತ್ತಲಾದ ಮೇಲೆ ಕಾಡಿನಲ್ಲಿ ಸಿಕ್ಕಿದವನನ್ನು ಮನೆಗೆ ಮುಟ್ಟಿಸುವುದು, ಅವನ ಜಾತಕ ಕೇಳುವ ಮೊದಲು ಸ್ನಾನಕ್ಕೆ ಬಿಸಿನೀರು ಕೊಡುವುದು ಆ ಕಾಲದ ದಾರಿಯ ನಿಯಮವೇ ಆಗಿತ್ತು. ವಸತಿಗೃಹ ಇಲ್ಲದ ಸೀಮೆಯಲ್ಲಿ ಪ್ರತಿ ಒಂಟಿಮನೆಯೂ ದಾರಿಯ ಒಂದು ಭಾಗ. ಕುಮಾರ ಪರ್ವತ ಹತ್ತುವವರಿಗೆ ಗಿರಿಗದ್ದೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ ಸಿಗುವ ಸಂಪ್ರದಾಯವನ್ನು ನಾನು ಈ ಹಳೆಯ ನಿಯಮದ ಮುಂದುವರಿಕೆ ಎಂದೇ ಓದುತ್ತೇನೆ.

ಹಾಗಾದರೆ ಕಾರಣವಿಲ್ಲದ ನಡಿಗೆ ಯಾವಾಗ ಬಂತು? ಒಂದು ತಾರೀಕು ಹೇಳಲಾಗದು, ಆದರೆ ಅದರ ಷರತ್ತು ಸ್ಪಷ್ಟ: ಮೊದಲು ಬಸ್ಸು ಬರಬೇಕು. ಘಟ್ಟದ ರಸ್ತೆಗಳು ಡಾಮರು ಕಂಡವು. 1979ರಲ್ಲಿ ಮಂಗಳೂರು–ಹಾಸನ ರೈಲುದಾರಿ ಪೂರ್ತಿಯಾಗಿ ತೆರೆಯಿತು. ನೆಟ್ಟಣದಲ್ಲಿ ಸುಬ್ರಹ್ಮಣ್ಯ ರೋಡ್ ನಿಲ್ದಾಣ ಬಂತು. ಹಳಿ ಅಗಲ ಮಾಡುವ ಕಾಮಗಾರಿಗೆ ರೈಲು ನಿಂತಿದ್ದ ವರ್ಷಗಳಲ್ಲಿ ಅದೇ ಹಳಿಯ ಮೇಲೆ, ಎಡಕುಮೇರಿಯ ಸುರಂಗ ಸೇತುವೆಗಳ ಮೇಲೆ, ಕಾಲೇಜು ಹುಡುಗರು ಗುಂಪು ಕಟ್ಟಿ ನಡೆದರು. ನಡೆಯುವ ಕಷ್ಟವನ್ನು ತಪ್ಪಿಸಲು ಹಾಕಿದ ಹಳಿ ನಡೆಯುವ ಸುಖಕ್ಕೆ ಒದಗಿತು. ಈಗ ಅಲ್ಲಿ ನಡೆಯುವುದು ಕಾನೂನಿಗೆ ವಿರುದ್ಧ.

ಈ ಬದಲಾವಣೆ ನನಗೆ ಅರ್ಥವಾದದ್ದು ದಾಖಲೆಗಳಿಗಿಂತ ಮೊದಲು ಮನೆಯಲ್ಲಿ. ಅಪ್ಪ, ಅಮ್ಮ, ತಂಗಿ, ನಾನು ಗಿರಿಗದ್ದೆಯವರೆಗೆ ಹೋಗಿ ಬಂದ ದಿನ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಎಂತ ಹರಕೆ ಇತ್ತು ಮಗಾ?" ಹರಕೆ ಇಲ್ಲ ಅಜ್ಜಿ, ಸುಮ್ಮನೆ ಹೋದದ್ದು ಎಂದೆ. ಅವರಿಗೆ ಅದು ತಮಾಷೆಯಾಗಿ ಕಂಡಿತು. ಷಷ್ಠಿಗೆ ಊರಿನವರೊಟ್ಟಿಗೆ ಬುತ್ತಿ ಕಟ್ಟಿಕೊಂಡು ಕುಕ್ಕೆಗೆ ನಡೆದವರು ಅವರು. ಅವರ ತಲೆಮಾರಿನ ಹೆಂಗಸರಿಗೆ ಮನೆ ಬಿಟ್ಟು ನಾಲ್ಕು ದಿನ ಹೊರಗಿರಲು ದೇವರ ಕಾರಣವೇ ಬೇಕಿತ್ತು. ಆ ನಡಿಗೆಯಲ್ಲಿ ಸಂತೋಷ ಇರಲಿಲ್ಲವೆಂದಲ್ಲ. ಅದಕ್ಕೆ ಹರಕೆಯ ಹೆಸರು ಇರಬೇಕಿತ್ತು. ಈಗ ಅಮ್ಮನೂ ತಂಗಿಯೂ ಹೆಸರಿಲ್ಲದೆ ನಡೆಯಬಹುದು. ಇದು ಸಣ್ಣ ಲಾಭವಲ್ಲ. ಚಾರಣವನ್ನು ಬರೀ ಶೋಕಿ ಎಂದು ಬೈಯುವವರು ಇದನ್ನು ಗಮನಿಸಬೇಕು.

ನಷ್ಟವೂ ಉಂಟು. ಬೆಟ್ಟ 1987ರಲ್ಲಿ ಪುಷ್ಪಗಿರಿ ವನ್ಯಜೀವಿಧಾಮದ ಭಾಗವಾಯಿತು. 2012ರಲ್ಲಿ ಪಶ್ಚಿಮಘಟ್ಟದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2024ರ ಜನವರಿಯ ಉದ್ದ ರಜೆಯಲ್ಲಿ ಸಾವಿರಾರು ಜನ ಒಟ್ಟಿಗೆ ಹತ್ತಲು ಬಂದ ವಿಡಿಯೊ ರಾಜ್ಯವೆಲ್ಲ ಓಡಾಡಿತು. ಸರ್ಕಾರ ಚಾರಣ ನಿಲ್ಲಿಸಿ, ಆನ್‌ಲೈನ್ ನೋಂದಣಿಯೊಂದಿಗೆ, ದಿನಕ್ಕೆ 300 ಜನರ ಮಿತಿಯೊಂದಿಗೆ ಮತ್ತೆ ತೆರೆಯಿತು. ಮಿತಿ ಬೇಕೇಬೇಕು, ಆ ಹುಲ್ಲುಗಾವಲು ಅಷ್ಟು ಕಾಲುಗಳನ್ನು ತಾಳದು. ಆದರೆ ಟಿಕೇಟಿನ ಭಾಷೆಯಲ್ಲಿ ಬೆಟ್ಟ ಎಂದರೆ ಜನರಿಲ್ಲದ, ಚರಿತ್ರೆಯಿಲ್ಲದ ಹಸಿರು. ಒಳಗೆ ಹೋಗುವವರೆಲ್ಲ ಹೊರಗಿನವರು ಎಂಬ ಲೆಕ್ಕ.

ಇದು ನಮ್ಮ ಊರಿನ ಸಮಸ್ಯೆ ಮಾತ್ರವಲ್ಲ. ಅಮೆರಿಕದಲ್ಲಿರುವ ಕನ್ನಡದ ಕುಟುಂಬಗಳು ರಜೆಗೆ ಯೂಟಾದ ಕೆಂಪು ಬಂಡೆಗಳ ಮರುಭೂಮಿಗೆ ಮಕ್ಕಳೊಂದಿಗೆ ನಡೆಯಲು ಹೋಗುತ್ತಾರೆ. ಆ ಫೋಟೊಗಳು ನಮ್ಮ ಫೋನುಗಳಿಗೂ ಬರುತ್ತವೆ. ಅಲ್ಲಿನ ಜಿಯಾನ್ ಉದ್ಯಾನದ 'ಏಂಜೆಲ್ಸ್ ಲ್ಯಾಂಡಿಂಗ್' ಬಂಡೆ ಹತ್ತಲು 2022ರ ಏಪ್ರಿಲ್‌ನಿಂದ ಲಾಟರಿಯಲ್ಲಿ ಪರವಾನಗಿ ಸಿಗಬೇಕು. ಆ ಕಣಿವೆಯನ್ನು ಸರ್ಕಾರ 1909ರಲ್ಲಿ ಮೊದಲು ರಕ್ಷಿಸಿದಾಗ ಇಟ್ಟ ಹೆಸರು ಮುಕುಂಟುವೀಪ್, ಅಲ್ಲಿನ ಮೂಲನಿವಾಸಿ ಪಾಯೂಟ್ ಜನರ ಮಾತಿನಿಂದ ಬಂದದ್ದು. 1918ರಲ್ಲಿ ಅದನ್ನು ಅಳಿಸಿ ಬೈಬಲ್ಲಿನ ಹೆಸರು ಇಟ್ಟರು. ಕಲ್ಲು ಉಳಿಯಿತು, ಅದನ್ನು ಕರೆಯುತ್ತಿದ್ದವರ ಶಬ್ದ ಹೋಯಿತು.

ನಮ್ಮಲ್ಲಿ ಇನ್ನೂ ಅಷ್ಟು ಹೋಗಿಲ್ಲ. ಚಂಪಾಷಷ್ಠಿ ಬಂತೆಂದರೆ ಮಲೆಕುಡಿಯರು ಈಗಲೂ ಕಾಡಿಗೆ ಹೋಗಿ ಬೆತ್ತ ತರುತ್ತಾರೆ. ಕುಕ್ಕೆಯ ಬ್ರಹ್ಮರಥ ಸಿದ್ಧವಾಗುವುದು ಅವರ ಕೈಯಿಂದ. ಅದೇ ಕಾಡಿನೊಳಗೆ ಚೀಲ ಬೆನ್ನಿಗೇರಿಸಿ ಹೋಗುವವರೂ ಉಂಟು, ಬೆತ್ತ ಹೆಗಲಿಗೇರಿಸಿ ಬರುವವರೂ ಉಂಟು. ಎರಡನೆಯವರ ಬಗ್ಗೆ ಮೊದಲನೆಯವರಿಗೆ ಗೊತ್ತಾಗಬೇಕಾದರೆ ಹೆಚ್ಚಿನ ಖರ್ಚೇನೂ ಇಲ್ಲ: ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ನಿಷೇಧದ ಫಲಕದ ಪಕ್ಕ ಇನ್ನೊಂದು ಫಲಕ ಸಾಕು.

ಮಕ್ಕಳನ್ನು ಕರೆದುಕೊಂಡು ನಡೆಯಲು ಹೊರಡುವ ಕುಟುಂಬಗಳಿಗೆ ಟಿಕೇಟು ಬೇಡದ ದಾರಿಯೂ ಒಂದಿದೆ. ಪೂಮಲೆಯ ಬುಡದಿಂದ ಬೆಳ್ಳಾರೆಗೆ, ಬೆಳ್ಳಾರೆಯಿಂದ ಪುತ್ತೂರಿಗೆ. ಹೆಚ್ಚಿನ ಭಾಗ ಈಗ ಡಾಮರು ರಸ್ತೆ. ತುದಿಯಲ್ಲಿ ಮೋಡ ಇಲ್ಲ, ಫೋಟೊಕ್ಕೆ ದೊಡ್ಡ ದೃಶ್ಯವೂ ಇಲ್ಲ. ಹಳೆಯ ಖಜಾನೆ ಇದ್ದ ಬೆಳ್ಳಾರೆಯ ಬಂಗ್ಲೆಗುಡ್ಡೆ ಹತ್ತಲು ಹತ್ತು ನಿಮಿಷವೂ ಬೇಡ. ಮಾರ್ಚ್ ಕೊನೆಯ ಒಂದು ಬೆಳಿಗ್ಗೆ, ಬಿಸಿಲು ಏರುವ ಮೊದಲು ಹೊರಟರೆ, ಕೆಂಪು ನೆಲ ಕಾಯುವುದಕ್ಕೆ ಎಷ್ಟು ಹೊತ್ತು ಬೇಕು, ಅದರ ಮೇಲೆ ಭತ್ತ ಹೊತ್ತು ನಡೆಯುವುದೆಂದರೆ ಏನು ಎಂದು ಮಕ್ಕಳಿಗೆ ಕಾಲಿನಿಂದಲೇ ತಿಳಿಯುತ್ತದೆ. ಉಳಿದದ್ದನ್ನು ಊರಿನ ಯಾವುದಾದರೂ ಜಗಲಿಯಲ್ಲಿ ಕೂತು ಕೇಳಬಹುದು. ನೀರು ಕೊಟ್ಟ ಮೇಲೆ "ಎಲ್ಲಿಂದ ಬಂದದ್ದು?" ಎಂದು ಅವರೇ ಮಾತು ಶುರುಮಾಡುತ್ತಾರೆ.